ರೋಹಿಣಿಗೆ ಕನ್ನಡ ಬರುವುದಿಲ್ಲವೇ?

ಕನ್ನಡದ ಯುವಕರೇ, ಯುವತಿಯರೇ,

ನಾಮಫಲಕಕ್ಕಾಗಿ ಬೀದಿಗಿಳಿದಿದ್ದೀರಿ. ಬ್ಯಾಂಕಿನ ಚಲನ್‌ಗಾಗಿ, ಉದ್ಯೋಗಕ್ಕಾಗಿ ಗಂಟಲು ಹರಿಯುವಂತೆ ಕೂಗಿದ್ದೀರಿ. ಸಂತೋಷ. ಆದರೆ ನಿಮ್ಮ ತಲೆಯ ಮೇಲಿರುವ ಆಕಾಶ ಯಾರ ಪಾಲಾಗಿದೆ ಎಂದು ಒಂದು ರಾತ್ರಿಯಾದರೂ ಕತ್ತೆತ್ತಿ ನೋಡಿದ್ದೀರಾ?

ನನ್ನದು ಅಚ್ಚಿನ ಮನೆ. ಕೆಲವು ವರ್ಷಗಳ ಹಿಂದೆ ಹವ್ಯಾಸಿ ಖಗೋಳ ಕೂಟವೊಂದರ ಇಬ್ಬರು ಹುಡುಗರು ಕರಪತ್ರ ಮಾಡಿಸಲು ಬಂದರು. ಸರ್ಕಾರಿ ಶಾಲೆಯ ಮೈದಾನದಲ್ಲಿ ದೂರದರ್ಶಕ ಇಟ್ಟು ಜನರಿಗೆ ಶನಿಗ್ರಹದ ಉಂಗುರ ತೋರಿಸುತ್ತಾರಂತೆ. ಬಹಳ ಒಳ್ಳೆಯ ಕೆಲಸ. ಕರಪತ್ರ ಮಾತ್ರ ಮೇಲಿನಿಂದ ಕೆಳಗಿನವರೆಗೆ ಇಂಗ್ಲಿಷು! "ಆ ಶಾಲೆಯ ಮಕ್ಕಳಿಗೆ ಇದು ತಿಳಿಯುತ್ತದೇನಪ್ಪಾ?" ಎಂದೆ. "ಇದಕ್ಕೆಲ್ಲ ಕನ್ನಡದಲ್ಲಿ ಪದ ಇಲ್ಲ ಸಾರ್" ಎಂದ ಒಬ್ಬ. ಅವನದು ಹಾಸನದ ಕಡೆಯ ಮಾತು! ಹೊಟ್ಟೆ ಉರಿಯಿತು. ಹಿಂಬದಿಯಲ್ಲಿ ನಾನೇ ಕನ್ನಡದಲ್ಲಿ ಬರೆದು ಅಚ್ಚು ಹಾಕಿ ಕೊಟ್ಟೆ. ಅದಕ್ಕೆ ಕಾಸು ಕೇಳಲಿಲ್ಲ.

ಪದ ಇಲ್ಲವಂತೆ! ಅವರು ಅಲ್ಡೆಬರಾನ್ ಎಂದು ತೋರಿಸುವ ಕೆಂಪು ಚುಕ್ಕಿ ನಮ್ಮ ರೋಹಿಣಿ. ಬೀಟಲ್‌ಜ್ಯೂಸ್ ಎಂದರೆ ಆರಿದ್ರಾ. ಆ ಹೆಸರುಗಳು ಇಂಗ್ಲಿಷಿನವೂ ಅಲ್ಲ ಸ್ವಾಮಿ, ಅರಬ್ಬಿಯವು. ಇಂಗ್ಲಿಷಿನವನು ಅವನ್ನು ಎರವಲು ಪಡೆದು ನಾಚಲಿಲ್ಲ. ನಮ್ಮವೂ ಸಂಸ್ಕೃತದಿಂದ ಬಂದವು, ಒಪ್ಪುತ್ತೇನೆ. ಆದರೆ ಶಾಲೆಯ ಮೆಟ್ಟಿಲು ಹತ್ತದ ರೈತನ ಬಾಯಲ್ಲೂ ಅವು ಇವೆ. ರೋಹಿಣಿ ಮಳೆ, ಮೃಗಶಿರೆ ಮಳೆ, ಆರಿದ್ರಾ ಮಳೆ ಎಂದು ಎಣಿಸಿಯೇ ಅವನು ಬಿತ್ತುವುದು. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ಹಾದು ಹೋಗುತ್ತಾನೆ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮಳೆಯ ಹೊತ್ತಿಗೆ ಸೂರ್ಯ ಆ ಚುಕ್ಕಿಯ ದಿಕ್ಕಿನಲ್ಲೇ ಇರುವುದರಿಂದ ರೋಹಿಣಿ ಆಗ ಕಾಣುವುದೇ ಇಲ್ಲ! ನೋಡಬೇಕಾದರೆ ಡಿಸೆಂಬರಿನ ರಾತ್ರಿ ನೋಡಬೇಕು. ಅದರ ಬೆಳಕು ನಮ್ಮನ್ನು ಮುಟ್ಟಲು ಸುಮಾರು 65 ವರ್ಷ ಬೇಕು. ಇಷ್ಟನ್ನು ಕನ್ನಡದಲ್ಲಿ ಹೇಳಲು ಯಾವ ಕಷ್ಟ?

ನಮ್ಮಲ್ಲಿ ಈ ಹವ್ಯಾಸ ನಿನ್ನೆ ಮೊನ್ನೆಯದಲ್ಲ. ಬೆಂಗಳೂರಿನ ಹವ್ಯಾಸಿ ಖಗೋಳವೀಕ್ಷಕರ ಸಂಘ ಹುಟ್ಟಿದ್ದು 1976ರಲ್ಲಿ, ಜವಾಹರಲಾಲ್ ನೆಹರೂ ತಾರಾಲಯ ಬಂದದ್ದು 1989ರಲ್ಲಿ. ತಾರಾಲಯದಲ್ಲಿ ಕನ್ನಡದ ಪ್ರದರ್ಶನವೂ ಇದೆ, ಅದನ್ನು ಮರೆಯಬಾರದು. ಗಾಜಿನ ಬಿಲ್ಲೆಯ ಮೇಲೆ ಪುಡಿ ಹಾಕಿ ತಿಂಗಳುಗಟ್ಟಲೆ ಕೈಯಲ್ಲೇ ಉಜ್ಜಿ ದೂರದರ್ಶಕದ ಕನ್ನಡಿ ಮಾಡುವ ಹುಚ್ಚರು ಈ ಹವ್ಯಾಸದಲ್ಲಿದ್ದಾರೆ. ಅಂಥವರಿಗೆ ಕೈಮುಗಿಯುತ್ತೇನೆ. ಬರಹಗಾರರೂ ಇದ್ದರು. ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ 'ವಿಜ್ಞಾನ' ಪತ್ರಿಕೆ ನಡೆಸಿ ನೂರು ವರ್ಷ ದಾಟಿತು. ಜಿ.ಟಿ. ನಾರಾಯಣರಾಯರು ಬದುಕಿಡೀ ನಕ್ಷತ್ರಗಳನ್ನು ಕನ್ನಡದಲ್ಲಿ ಬರೆದರು. ಅವರ ಪುಸ್ತಕವನ್ನು ನಿಮ್ಮಲ್ಲಿ ಎಷ್ಟು ಜನ ಮುಟ್ಟಿದ್ದೀರಿ?

ಹಾಗಾದರೆ ಇಂದು ಆಕಾಶದ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಯಾರು? ಟೀವಿಯ ಜ್ಯೋತಿಷಿಗಳು! ಗ್ರಹಣ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಅವರದೇ ಕಾರುಬಾರು, ಅದೂ ಸೊಗಸಾದ ಕನ್ನಡದಲ್ಲಿ. ವಿಜ್ಞಾನ ಬಲ್ಲವನು ಇಂಗ್ಲಿಷಿನಲ್ಲಿ ತನ್ನವರೊಂದಿಗೆ ಮಾತಾಡಿಕೊಂಡು ಮನೆಗೆ ಹೋಗುತ್ತಾನೆ.

ಇದರ ಫಲ ಏನು ಗೊತ್ತೇ? 1980ರ ಫೆಬ್ರವರಿ 16ರಂದು ಅಂಕೋಲಾದಿಂದ ರಾಯಚೂರಿನವರೆಗೆ ನಮ್ಮ ನಾಡಿನ ಮೇಲೆಯೇ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ವಿಜ್ಞಾನಿಗಳು ದೂರದೂರದಿಂದ ಬಂದು ಬೀಡುಬಿಟ್ಟರು. ನಮ್ಮ ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು. ಹೋಗಲಿ, ಅದು ಹಳೆಯ ಮಾತು. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ತಿಪ್ಪೆಯ ಮಣ್ಣಿನಲ್ಲಿ ಹೂತರು. ವಾಸಿಯಾಗುತ್ತದೆ ಎಂದು! ಆ ತಾಯಂದಿರನ್ನು ಬೈಯಬೇಡಿ. ಅವರ ಮಾತಿನಲ್ಲಿ ಅವರಿಗೆ ಹೇಳಿದವರು ಯಾರಿದ್ದರು? ನಾಚಿಕೆಯಾಗಬೇಕಾದದ್ದು ನಮಗೆ.

ಖಗೋಳ ಕೂಟಗಳವರೇ, ನಮ್ಮ ಊರಿನ ಮೈದಾನದಲ್ಲಿ ದೂರದರ್ಶಕ ಇಡುವವರು ಕನ್ನಡದಲ್ಲಿ ವಿವರಿಸಿ. ಇದು ಬೇಡಿಕೆ, ಭಿಕ್ಷೆಯಲ್ಲ. ನಮ್ಮ ಸಂಘಟನೆಗಳಿಗೂ ಒಂದು ಮಾತು, ಕೋಪ ಬಂದರೂ ಸರಿ: ರಾಜ್ಯೋತ್ಸವದ ಒಂದು ಆರ್ಕೆಸ್ಟ್ರಾ ಬಿಟ್ಟರೆ ಒಂದು ಒಳ್ಳೆಯ ದೂರದರ್ಶಕ ಬರುತ್ತದೆ. ನವೆಂಬರ್ ತಿಂಗಳಲ್ಲಿ ಬೆಳೆಯುವ ಚಂದ್ರನ ಗುಳಿಗಳನ್ನು ಬಡಾವಣೆಯ ಮಕ್ಕಳಿಗೆ ತೋರಿಸಿ. ಬರೀ ಧ್ವನಿವರ್ಧಕ ಎಷ್ಟು ದಿನ?

ತಿಂಗಳಿಗೊಂದು ಕನ್ನಡದ ನಕ್ಷತ್ರ ನಕ್ಷೆ ತಯಾರಿಸಿ ತನ್ನಿ. ಕಾಗದದ ದುಡ್ಡು ನಿಮ್ಮದು, ಅಚ್ಚಿನ ಕೂಲಿ ಬೇಡ. ಕಾಗುಣಿತ ತಪ್ಪಿದ್ದರೆ ಮಾತ್ರ ಹಿಂದಕ್ಕೆ ಕಳಿಸುತ್ತೇನೆ.