ಆರತಕ್ಷತೆಯೂ ಊರ ಹಿರಿಯರೂ

ಸಿದ್ದಾಪುರ ತಾಲೂಕಿನ ಹೆಗ್ಗರಣೆಯಂತಹ ಗ್ರಾಮಗಳಲ್ಲಿ ಮದುವೆಗೆ ಮನೆಯಂಗಳದ ಚಪ್ಪರವೇ ಮಂಟಪವಾಗಿದ್ದಿತು. ನೆರೆಹೊರೆಯವರೇ ಕೂಡಿ ಬಡಿಸುತ್ತಿದ್ದರು. ಮಕ್ಕಳು ಉದ್ಯೋಗಾರ್ಥವಾಗಿ ಬೆಂಗಳೂರನ್ನು ಸೇರಿದ ಮೇಲೆ ಆರತಕ್ಷತೆಯು ಅಲ್ಲಿಗೆ ಸಾಗಿದೆ. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಕಲ್ಯಾಣಮಂಟಪವನ್ನು ಗೊತ್ತುಮಾಡುವವರು ದೀಪಾಲಂಕಾರವನ್ನು ನೋಡಿ, ಸುಮಾರು 400 ಕಿಲೋಮೀಟರುಗಳನ್ನು ರಾತ್ರಿಯಿಡೀ ಬಸ್ಸಿನಲ್ಲಿ ಕ್ರಮಿಸಿ ಬರುವ ವೃದ್ಧರನ್ನು ಮರೆಯುವುದು ಶೋಚನೀಯವು. ಬೆಳಗಿನ ಸ್ನಾನಕ್ಕೆ ಬಿಸಿನೀರು, ವಿಶ್ರಾಂತಿಗೆ ಕೋಣೆ, ಮೆಟ್ಟಿಲೇರದೆ ತಲುಪುವ ಊಟದ ಮನೆ, ಬಾಳೆಲೆಯ ಪಂಕ್ತಿ, ಇವು ಉಂಟೇ ಎಂದು ಮೊದಲು ವಿಚಾರಿಸತಕ್ಕದ್ದು. ಬಾಡಿಗೆಯಲ್ಲದೆ ವಿದ್ಯುತ್ತು, ಶುಚಿಕಾರ್ಯಗಳಿಗೆ ತೆರಬೇಕಾದ ಹಣವನ್ನೂ ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಪಡೆಯುವುದು ಲೇಸು. ವೈಭವದಲ್ಲಿ ಕಡಮೆಯಾದರೆ ಕುಂದಿಲ್ಲ. ಹಿರಿಯರು ಬಳಲಿ ಮೂಲೆಯಲ್ಲಿ ಕುಳಿತರೆ ವಧೂವರರಿಗೆ ಅಕ್ಷತೆಯನ್ನಿಕ್ಕಿ ಹರಸುವವರಾರು?