ದಮ್ಮು ಇದ್ದವರಿಗೆ ಬೊಜ್ಜಿನ ಆಪರೇಷನ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಸೋದರಿಯರೇ, ಬೀಡಿ ಕಟ್ಟುತ್ತ, ಸೌದೆ ಒಲೆ ಊದುತ್ತ ವರ್ಷಗಟ್ಟಲೆ ಧೂಳು, ಹೊಗೆ ಕುಡಿದವರು ನಿಮ್ಮಲ್ಲಿ ಎಷ್ಟು ಮಂದಿ! ದಮ್ಮು ಇರುವವರು ಬೊಜ್ಜು ಇಳಿಸುವ ಆಪರೇಷನ್ನಿಗೆಂದು ಮಂಗಳೂರಿಗೆ ಹೊರಟರೆ, ಅರಿವಳಿಕೆ ಡಾಕ್ಟರರ ಮುಂದೆ ಏನನ್ನೂ ಮುಚ್ಚಿಡಬೇಡಿ.

ಮಲಗಿಸಿದಾಗ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುತ್ತದೆ. ಸಣ್ಣ ತೂತಿನ ಆಪರೇಷನ್ನಿಗೆ ಹೊಟ್ಟೆಯೊಳಗೆ ಅನಿಲ ತುಂಬಿದಾಗಲಂತೂ ಇನ್ನಷ್ಟು. ಎದೆ ಮೊದಲೇ ಸೋತಿದ್ದರೆ ಆಪರೇಷನ್ ಮುಗಿದ ಮೇಲೂ ಉಸಿರಾಟದ ಯಂತ್ರ ಬೇಕಾದೀತು. ಅದಕ್ಕೇ ಮುಂಚಿತವಾಗಿ ಊದಿಸಿ ನೋಡುವ ಪರೀಕ್ಷೆ.

ಗೊರಕೆ, ನಿದ್ದೆಯ ನಡುವೆ ಉಸಿರು ಕಟ್ಟುವುದು ನಮಗೇ ಗೊತ್ತಾಗದು. ಮನೆಯವರನ್ನು ಜತೆಗೆ ಕರೆದೊಯ್ಯಿರಿ. ನಾಚಿಕೆ ಏಕೆ? ಡಾಕ್ಟರು ಬೇಡವೆನ್ನದ ಹೊರತು ಇನ್‌ಹೇಲರನ್ನು ಆ ದಿನ ಬೆಳಿಗ್ಗೆಯೂ ತಪ್ಪಿಸಬೇಡಿ. ಬೀಡಿ ಸೇದುವವರು ಕನಿಷ್ಠ 4 ವಾರ ಮೊದಲೇ ನಿಲ್ಲಿಸಿ. "ಎದೆ ಸುಧಾರಿಸಲಿ, ಈಗ ಬೇಡ" ಅಂದರೆ ಮುನಿಸಿಕೊಂಡು ಬೇರೆ ಆಸ್ಪತ್ರೆ ಹುಡುಕಬೇಡಿ.