ಯಂತ್ರನಾದವಿಚಾರ

ಕೋಲಾರ ಜಿಲ್ಲೆಯವರಿಗೆ ವಿದ್ಯುಚ್ಛಕ್ತಿಯು ಹೊಸ ಅತಿಥಿಯಲ್ಲ. 1902ನೆಯ ಇಸವಿಯಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟ ವಿದ್ಯುತ್ತು 92 ಮೈಲಿಗಳ ತಂತಿಯ ದಾರಿಯನ್ನು ನಡೆದು ಮೊಟ್ಟಮೊದಲು ಬಂದು ಸೇರಿದ್ದು ಕೋಲಾರದ ಚಿನ್ನದ ಗಣಿಗಳನ್ನು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ದೊರೆತುದು ಮೂರು ವರ್ಷಗಳ ತರುವಾಯ, 1905ರಲ್ಲಿ. ಗಣಿಗಳು 2001ನೆಯ ಇಸವಿಯ ಫೆಬ್ರವರಿ ತಿಂಗಳ ಕೊನೆಯಲ್ಲಿ ಮುಚ್ಚಿಹೋದುವು, ವಿದ್ಯುತ್ತು ಉಳಿಯಿತು. ಬಂಡೆಯನ್ನು ಕೊರೆಯುವ ಕೆಲಸಕ್ಕೆಂದು ಬಂದ ಆ ಶಕ್ತಿಯು ಇಂದು ರಾಬರ್ಟ್‌ಸನ್‌ಪೇಟೆಯ ಪಾಠದ ಕೊಠಡಿಯಲ್ಲಿ ಶ್ರುತಿಯನ್ನು ಹಿಡಿಯುತ್ತಿದೆ. ಬಂಗಾರಪೇಟೆಯ ಮದುವೆಯ ಛತ್ರದಲ್ಲಿ ತಾಳವನ್ನು ಹಾಕುತ್ತಿದೆ. ಹಳ್ಳಿಯ ಗುಡಿಯಲ್ಲಿ ನಗಾರಿಯನ್ನು ಬಡಿಯುತ್ತಿದೆ. ಹೀಗಿರಲು, ವಿದ್ಯುದ್ವಾದ್ಯವೂ ಗಣಕಯಂತ್ರವೂ ಹೊರಡಿಸುವ ಧ್ವನಿಯು ನಿಜವಾದ ಸಂಗೀತವೇ ಅಲ್ಲವೇ ಎಂಬ ಪ್ರಶ್ನೆಯು ರಾಮೋತ್ಸವದ ಚಪ್ಪರಗಳಲ್ಲಿಯೂ ದೇವಾಲಯದ ಜಗಲಿಗಳಲ್ಲಿಯೂ ಮತ್ತೆ ಮತ್ತೆ ಏಳುತ್ತಿರುವುದು ಆಶ್ಚರ್ಯವಲ್ಲ. ಅದು ಇನ್ನೂ ಇತ್ಯರ್ಥವಾಗದಿರುವುದೇ ಆಶ್ಚರ್ಯ.

ಈ ವಿವಾದದಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರ ವಾದವಿದು: ಮರ, ತೊಗಲು, ಲೋಹ, ಬಿದಿರುಗಳಿಂದ ಹುಟ್ಟಿದುದೇ ನಾದ, ಪೆಟ್ಟಿಗೆಯೊಳಗಿನ ವಿದ್ಯುತ್ತಿನಿಂದ ಹುಟ್ಟಿದುದು ನಾದದ ಅಣಕ. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿದನು. ವಿದ್ಯುದ್ವಾದ್ಯವು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದಿರುವುದರಿಂದ ಅದು ವಾದ್ಯವೇ ಅಲ್ಲ. ಎರಡನೆಯ ಪಕ್ಷದವರು ಹೇಳುವುದೇನೆಂದರೆ: ಕಿವಿಗೆ ಇಂಪಾದುದೆಲ್ಲವೂ ಸಂಗೀತ, ಯಂತ್ರವು ದಣಿಯುವುದಿಲ್ಲ, ತಪ್ಪುವುದಿಲ್ಲ, ಸಂಭಾವನೆಯನ್ನು ಕೇಳುವುದಿಲ್ಲ, ಆದುದರಿಂದ ಮನುಷ್ಯನಿಗಿಂತ ಯಂತ್ರವೇ ಮೇಲು. ಈ ಎರಡು ವಾದಗಳೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ.

ಮೊದಲ ಪಕ್ಷವನ್ನು ಮೊದಲು ಪರೀಕ್ಷಿಸುವುದು ನ್ಯಾಯ. ಭರತನು ತನ್ನ ಕಾಲದ ವಾದ್ಯಗಳನ್ನು ವರ್ಗೀಕರಿಸಿದನೇ ಹೊರತು ಮುಂದೆ ಐದನೆಯ ವರ್ಗವು ಹುಟ್ಟಕೂಡದೆಂದು ಶಾಸನವನ್ನು ಹಾಕಲಿಲ್ಲ. ಶಾರ್ಙ್ಗದೇವನು 13ನೆಯ ಶತಮಾನದ ಸಂಗೀತರತ್ನಾಕರದಲ್ಲಿ ನಾದವೆಂಬ ಪದವನ್ನು ಬಿಡಿಸುವಾಗ ನಕಾರವನ್ನು ಪ್ರಾಣವೆಂದೂ ದಕಾರವನ್ನು ಅಗ್ನಿಯೆಂದೂ ಹೇಳಿರುವನು. ಮರವೆಂದಾಗಲಿ ತೊಗಲೆಂದಾಗಲಿ ಹೇಳಿಲ್ಲ. ಶಿಕ್ಷಾಗ್ರಂಥಗಳ ಮಾತೂ ಇಲ್ಲಿ ಸ್ಮರಣೀಯ. ಪಾಣಿನೀಯ ಶಿಕ್ಷೆಯು ಅಧಮರಾದ ಪಾಠಕರು ಆರು ಬಗೆಯವರೆಂದು ಹೇಳಿ, ಬರೆದುದನ್ನು ನೋಡಿ ಓದುವವನನ್ನು ಅವರೊಳಗೆ ಎಣಿಸಿದೆ. ಅರ್ಥವರಿಯದೆ ಓದುವವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದೆ. ಇಂದು ಕಾವ್ಯಪಾಠವೂ ವ್ಯಾಕರಣಪಾಠವೂ ಅಚ್ಚಿನ ಪುಸ್ತಕವನ್ನು ಮುಂದಿಟ್ಟುಕೊಂಡೇ ನಡೆಯುತ್ತಿರುವುವು. ಪುಸ್ತಕದಿಂದ ವಿದ್ಯೆಯು ಕೆಡಲಿಲ್ಲ. ಅರ್ಥವರಿಯದ ಪಾಠದಿಂದ ಅಂದೂ ಕೆಟ್ಟಿತು, ಇಂದೂ ಕೆಡುತ್ತಿದೆ. ಒಂದು ಉಪಕರಣದ ದೋಷ, ಇನ್ನೊಂದು ಮನುಷ್ಯನ ದೋಷ. ಮೊದಲ ಪಕ್ಷದವರು ಇವೆರಡರ ಭೇದವನ್ನು ಮರೆತಿರುವರು.

ಸಂಗೀತದ ಇತಿಹಾಸವೂ ಈ ಪಕ್ಷಕ್ಕೆ ಸಾಕ್ಷಿ ನುಡಿಯದು. ಪಿಟೀಲು ಯೂರೋಪಿನಿಂದ ಬಂದುದು. ಇಂದು ಅದಿಲ್ಲದ ಕಚೇರಿಯು ಅಪೂರ್ವ. ಧ್ವನಿವರ್ಧಕವು ಬಳಕೆಗೆ ಬಾರದ ದಿನಗಳಲ್ಲಿ, ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದವು ಮುಟ್ಟಲೆಂದು ಮೈಸೂರು ಟಿ. ಚೌಡಯ್ಯನವರು ನಾಲ್ಕು ತಂತಿಗಳ ಪಿಟೀಲಿಗೆ ಮತ್ತೆ ಮೂರನ್ನು ಸೇರಿಸಿದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ. ಹಾರ್ಮೋನಿಯಮ್ಮನ್ನು ಆಲ್ ಇಂಡಿಯಾ ರೇಡಿಯೋ 1940ರಿಂದ 1971ರವರೆಗೆ ಹೊರಗಿಟ್ಟಿತು. ಅದರಲ್ಲಿ ಗಮಕವು ಮೂಡದು, ಸೂಕ್ಷ್ಮಶ್ರುತಿಗಳು ನುಡಿಯವು ಎಂಬ ಆಕ್ಷೇಪಣೆಯು ಸುಳ್ಳಲ್ಲ. ಆದರೂ ಕಂಪೆನಿ ನಾಟಕಗಳ ರಂಗಗೀತೆಗಳನ್ನು ಊರಿಂದೂರಿಗೆ ಹೊತ್ತು ತಂದುದು ಅದೇ ಪೆಟ್ಟಿಗೆ. ಯು. ಶ್ರೀನಿವಾಸ್ (1969–2014) ಅವರು ನುಡಿಸಿದ ಮ್ಯಾಂಡೊಲಿನ್ನು ವಿದ್ಯುತ್ತಿನದೇ ಆಗಿದ್ದಿತು. ಮೀಟಿದೊಡನೆ ಅಡಗಿಹೋಗುವ ಆ ಪುಟ್ಟ ವಾದ್ಯದ ಧ್ವನಿಗೆ ಗಮಕವು ನಿಲ್ಲುವಷ್ಟು ದೀರ್ಘತೆಯನ್ನು ಕೊಟ್ಟುದು ವಿದ್ಯುತ್ತು. ಆ ಗಮಕಕ್ಕೆ ರಾಗದ ಜೀವವನ್ನು ಕೊಟ್ಟುದು ಅವರ ಬೆರಳು. ಇದನ್ನು ಸಂಗೀತವಲ್ಲವೆನ್ನುವವನು ಕಿವಿಯನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ಬಂದವನು.

ವಿದ್ಯುತ್ತಿನ ತಂಬೂರಿಯ ಮಾತೂ ಹೀಗೆಯೇ. ಎಂಜಿನಿಯರೂ ವೇಣುವಾದಕರೂ ಆದ ಜಿ. ರಾಜ್‌ನಾರಾಯಣ್ ಅವರು 1979ರಲ್ಲಿ ಬೆಂಗಳೂರಿನಲ್ಲಿ ಅದನ್ನು ರೂಪಿಸಿದರು. ಗಣಿಯ ಲೈನುಗಳ ಸಾಲುಮನೆಗಳಲ್ಲಿ, ಅಡುಗೆಯೂ ಮಲಗುವುದೂ ಒಂದೇ ಕಡೆ ನಡೆಯುವೆಡೆಯಲ್ಲಿ, ಆಳೆತ್ತರದ ತಂಬೂರಿಗೆ ಸ್ಥಳವೆಲ್ಲಿಯದು? ಅದನ್ನು ಕೊಳ್ಳಲು ಹಣವೆಲ್ಲಿಯದು? ಅಂಥ ಮನೆಯ ಮಗುವಿಗೆ ಈ ಪೆಟ್ಟಿಗೆಯು ಷಡ್ಜಪಂಚಮಗಳ ಆಸರೆಯನ್ನು ಕೊಟ್ಟಿತೆಂದರೆ ಅದು ಉಪಕಾರವೇ ಸರಿ. ಆದರೆ ಉಪಕಾರಕ್ಕೂ ಒಂದು ಮಿತಿಯುಂಟು. ತಂತಿಯ ತಂಬೂರಿಯನ್ನು ಕೂಡಿಸಿ, ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆಯನ್ನು ಸರಿಸಿ ಸರಿಸಿ ನಾದವನ್ನು ಅರಳಿಸಿದಾಗ, ಯಾರೂ ಮೀಟದ ಗಾಂಧಾರವು ತಾನಾಗಿಯೇ ಕೇಳಿಬರುವುದು. ಅದನ್ನು ಸ್ವಯಂಭೂ ಗಾಂಧಾರವೆನ್ನುವರು. ಒಂದು ಸ್ಥಾಯಿಯನ್ನು 1200 ಭಾಗಗಳಾಗಿ ಮಾಡಿದರೆ ಆ ಗಾಂಧಾರವು 386ನೆಯ ಭಾಗದ ಹತ್ತಿರ ನಿಲ್ಲುತ್ತದೆ. ಕೀಬೋರ್ಡಿನ ಗಾಂಧಾರವು ಸಾಮಾನ್ಯವಾಗಿ 400ರಲ್ಲಿ ನಿಲ್ಲುತ್ತದೆ. ಹದಿನಾಲ್ಕು ಭಾಗಗಳ ಈ ಅಂತರವನ್ನು ತಂಬೂರಿಯನ್ನು ಕೂಡಿಸಿದ ಕಿವಿಯು ಅರಿಯುತ್ತದೆ. ಗುಂಡಿಯನ್ನು ಒತ್ತಿದ ಬೆರಳು ಅರಿಯದು. ದೋಷವು ವಿದ್ಯುತ್ತಿನಲ್ಲಿಲ್ಲ, ಕೇಳುವ ಶ್ರಮವನ್ನು ಬಿಟ್ಟುಕೊಟ್ಟ ಶಿಷ್ಯನಲ್ಲಿಯೂ ಅದನ್ನು ಬಿಡಗೊಟ್ಟ ಗುರುವಿನಲ್ಲಿಯೂ ಇದೆ.

ಇನ್ನು ಎರಡನೆಯ ಪಕ್ಷ. ಯಂತ್ರವು ತಪ್ಪುವುದಿಲ್ಲವೆಂಬುದೇ ಇವರ ದೊಡ್ಡ ಹೆಮ್ಮೆ. ಅಮೆರಿಕದ ಆಂಡಿ ಹಿಲ್ಡಿಬ್ರಾಂಡ್ ಎಂಬವರು ಭೂಮಿಯೊಳಗೆ ಕಂಪನಗಳನ್ನು ಕಳುಹಿಸಿ, ಹಿಂದಿರುಗಿದ ಧ್ವನಿಯಿಂದ ತೈಲದ ನೆಲೆಯನ್ನು ಹುಡುಕುವ ಶಾಸ್ತ್ರದಲ್ಲಿ ಕೆಲಸ ಮಾಡಿದವರು. ಆ ಗಣಿತವನ್ನೇ ಕಂಠಕ್ಕೆ ತಿರುಗಿಸಿ, ಅಪಶ್ರುತಿಯಾದ ಹಾಡನ್ನು ಸರಿಪಡಿಸುವ ಗಣಕತಂತ್ರವನ್ನು 1997ರಲ್ಲಿ ಹೊರತಂದರು. ನೆಲದ ಸದ್ದನ್ನು ಆಲಿಸಿ ಬದುಕಿದ ಕೋಲಾರದ ಗಣಿಯವರಿಗೆ ಈ ವೃತ್ತಾಂತವು ಕುತೂಹಲವನ್ನು ಹುಟ್ಟಿಸೀತು. ಭೂಮಿಯನ್ನು ಕೇಳಲು ಹುಟ್ಟಿದ ವಿದ್ಯೆಯು, ಹಾಡುವವನು ತನ್ನನ್ನು ತಾನು ಕೇಳಿಕೊಳ್ಳದಿದ್ದರೂ ನಡೆಯುತ್ತದೆಂಬಲ್ಲಿಗೆ ಬಂದು ಮುಟ್ಟಿತು! ಈಚೆಗಂತೂ ಪದ್ಯವನ್ನು ಬರೆದುಕೊಟ್ಟರೆ ಕಂಠವನ್ನೂ ವಾದ್ಯವನ್ನೂ ತಾನೇ ಹೂಡಿ ಕ್ಷಣಮಾತ್ರದಲ್ಲಿ ಹಾಡನ್ನು ಒಪ್ಪಿಸುವ ಗಣಕತಂತ್ರಗಳು ಬಂದಿರುವುವು. ರಾಜ್ಯೋತ್ಸವದ ವೇದಿಕೆಗಳಲ್ಲಿ ಮೊದಲೇ ಮುದ್ರಿಸಿಟ್ಟ ಟ್ರ್ಯಾಕ್ ಓಡುತ್ತದೆ. ಗಾಯಕನು ಅದರ ಹಿಂದೆ ಓಡುತ್ತಾನೆ. ಅವನು ಉಸಿರಿಗಾಗಿ ಒಂದು ಮಾತ್ರೆ ತಡೆದರೆ ಟ್ರ್ಯಾಕ್ ಕಾಯದು; ಸಭೆಯು ತಲೆದೂಗಿ ಒಂದು ಸಾಲನ್ನು ಮತ್ತೆ ಕೇಳಿದರೆ ಅದು ಹಿಂದಿರುಗದು. ಹಿಂದೆ ಪಕ್ಕವಾದ್ಯವು ಗಾಯಕನನ್ನು ಅನುಸರಿಸುತ್ತಿದ್ದಿತು. ಇಲ್ಲಿ ಗಾಯಕನೇ ಪಕ್ಕವಾದ್ಯವಾಗಿರುವನು.

ಈ ಎರಡು ಪಕ್ಷಗಳನ್ನೂ ಏಕಕಾಲದಲ್ಲಿ ಸೋಲಿಸುವ ದೃಷ್ಟಾಂತವೊಂದು ಈ ಜಿಲ್ಲೆಯ ಅನೇಕ ಗುಡಿಗಳಲ್ಲಿ ಕಣ್ಣೆದುರಿಗೇ ಇದೆ. ಅದು ಮಂಗಳಾರತಿಯ ಹೊತ್ತಿಗೆ ಗುಂಡಿಯನ್ನು ಒತ್ತಿದೊಡನೆ ನಗಾರಿ, ಜಾಗಟೆ, ಗಂಟೆಗಳನ್ನು ಒಟ್ಟಿಗೆ ಬಡಿಯುವ ವಿದ್ಯುದ್ಯಂತ್ರ. ಅದರ ನಗಾರಿಯ ಮೈ ನಿಜವಾದುದು. ಜಾಗಟೆಯ ಕಂಚು ನಿಜವಾದುದು. ಗಂಟೆಯ ನಾಲಗೆಯೂ ನಿಜವಾದುದು. ಭರತನ ಅವನದ್ಧವೂ ಘನವೂ ಅಲ್ಲಿ ಅಂಗಹೀನವಾಗದೆ ಇರುವುವು. ಹಾಗಾದರೆ ಮೊದಲ ಪಕ್ಷದವರು ಅದನ್ನು ಶುದ್ಧ ವಾದ್ಯವೆಂದು ಒಪ್ಪಬೇಕಾಗುವುದು, ಒಪ್ಪುವರೇ? ಅದು ದಣಿಯುವುದಿಲ್ಲ, ತಪ್ಪುವುದಿಲ್ಲ, ಹಾಗಾದರೆ ಎರಡನೆಯ ಪಕ್ಷದವರು ಅದನ್ನು ಉತ್ತಮ ಸಂಗೀತವೆಂದು ಕುಳಿತು ಕೇಳಬೇಕಾಗುವುದು, ಕೇಳುವರೇ? ಆ ಸದ್ದು ನಿಂತಾಗ ಭಕ್ತರ ಮುಖದಲ್ಲಿ ಕಾಣುವ ನೆಮ್ಮದಿಯೇ ಉತ್ತರ. ಓಲಗದವನು ತೆರೆ ಸರಿಯುವುದನ್ನು ನೋಡಿ ರಾಗವನ್ನು ಏರಿಸುವನು, ಆರತಿಯು ಇಳಿಯುವುದನ್ನು ನೋಡಿ ತಗ್ಗಿಸುವನು, ಶಯನೋತ್ಸವಕ್ಕೆ ನೀಲಾಂಬರಿಯನ್ನು ಹಿಡಿದು ಮೆಲ್ಲನೆ ಹೊರಡುವನು. ಯಂತ್ರಕ್ಕೆ ದೇವರು ಎಚ್ಚರವಾಗಿರುವುದೂ ಒಂದೇ, ಮಲಗಿರುವುದೂ ಒಂದೇ.

ಇದರಿಂದ ಸಿದ್ಧವಾಗುವುದೇನು? ಸಂಗೀತದ ನಿಜತ್ವವು ಉಪಕರಣದ ದ್ರವ್ಯದಲ್ಲಿಲ್ಲ, ನಿರ್ದೋಷತೆಯಲ್ಲಿಯೂ ಇಲ್ಲ. ತಾನು ಹೊರಡಿಸಿದ ಧ್ವನಿಯನ್ನು ತಾನೇ ಕೇಳಿ, ತಪ್ಪಿದರೆ ತಿದ್ದಿಕೊಂಡು, ಎದುರಿಗಿರುವವರಿಗಾಗಿ ಕಾಯಬಲ್ಲ ಮನುಷ್ಯನ ಅವಧಾನದಲ್ಲಿದೆ. ಕೋಲಾರದ ಗಣಿಯ ಕೆಲಸಗಾರರಿಗೆ ಇದನ್ನು ಶಾಸ್ತ್ರದಿಂದ ತಿಳಿಸಬೇಕಾಗಿರಲಿಲ್ಲ. ಚಾಂಪಿಯನ್ ರೀಫಿನ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದಿತು. ಹಾರೆಯಿಂದ ತಲೆಯ ಮೇಲಣ ಬಂಡೆಯನ್ನು ತಟ್ಟಿ ಕೇಳುವುದು ಗಣಿಗಾರರ ಹಳೆಯ ಪದ್ಧತಿ. ಗಟ್ಟಿಯಾದ ಬಂಡೆಯು ಗಂಟೆಯಂತೆ ನುಡಿಯುವುದು, ಬಿರುಕುಬಿಟ್ಟುದು ಒಡೆದ ಮಡಕೆಯಂತೆ ನುಡಿಯುವುದು. ಶಿಲಾಸ್ಫೋಟಗಳನ್ನು ಗುರುತಿಸಲು ಕಂಪನಮಾಪಕಗಳೂ ಅಲ್ಲಿ ಇದ್ದುವು. ಅವು ಉಪಯುಕ್ತವಾಗಿಯೇ ಇದ್ದುವು. ಆದರೆ ಮಾಪಕವು ಇದೆಯೆಂದು ತನ್ನ ಕಿವಿಯನ್ನು ಮುಚ್ಚಿಕೊಂಡು ಬಂಡೆಯ ಕೆಳಗೆ ನಿಲ್ಲುವುದು ಜಾಣತನವೆಂದು ಯಾವ ಗಣಿಗಾರನೂ ಒಪ್ಪನು. ಕಿವಿಗೆ ಬೆಂಬಲವಾದ ಯಂತ್ರವು ವಾದ್ಯ. ಕಿವಿಯ ಸ್ಥಾನವನ್ನೇ ಕಿತ್ತುಕೊಂಡ ಯಂತ್ರವು ಗದ್ದಲ. ಗಣಕಯಂತ್ರದ ಮುಂದೆ ಕುಳಿತು ಒಂದೊಂದು ಸ್ವರವನ್ನೂ ಕೇಳಿ, ಬೇಡವಾದುದನ್ನು ಬಿಟ್ಟು, ಬೇಕಾದುದನ್ನು ಇಟ್ಟು ಕಟ್ಟುವ ತರುಣನೂ ಸಂಗೀತಗಾರನೇ. ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಪಾಠವನ್ನು ಒಪ್ಪಿಸುವವನು ಸಂಗೀತಗಾರನಲ್ಲ. ಮುಂದೆ ಯಂತ್ರವೂ ಕಾಯುವುದನ್ನು ಕಲಿತೀತು ಎನ್ನುವವರಿಗೆ ಉತ್ತರವು ಇಷ್ಟೆ: ಅದು ಕಾಯಲಿ, ಯಾರಿಗಾಗಿ ಕಾಯಬೇಕೆಂಬುದನ್ನು ಅದಕ್ಕೆ ಹೇಳಿಕೊಟ್ಟವನು ಯಾರೆಂದು ವಿಚಾರಿಸಿದರೆ ಅಲ್ಲಿಯೂ ಮನುಷ್ಯನೇ ಸಿಕ್ಕುವನು.

ಇದು ಬರಿಯ ವಾಗ್ವಾದವಾಗಿದ್ದರೆ ಇಷ್ಟು ಬೆಳೆಸಬೇಕಾಗಿರಲಿಲ್ಲ. ಗುಡಿಯಲ್ಲಿ ಯಂತ್ರವು ಬಂದ ದಿನ ಒಂದು ಮನೆಯ ಅನ್ನವು ಹೋಗುತ್ತದೆ. ಅನ್ನದ ಹಿಂದೆಯೇ ವಿದ್ಯೆಯೂ ಹೋಗುತ್ತದೆ. ತಂದೆಗೆ ಕರೆಯಿಲ್ಲದ ಮೇಲೆ ಮಗನು ನಾಗಸ್ವರವನ್ನು ಹಿಡಿದು ಸಾಧನೆ ಮಾಡುವನೇ? ಅವನು ಬಂಗಾರಪೇಟೆಯ ನಿಲ್ದಾಣದಲ್ಲಿ ಬೆಳಗಿನ ರೈಲನ್ನು ಹತ್ತಿ ಬೆಂಗಳೂರಿನ ಕೂಲಿಗೆ ಹೋಗುವನು. ತಮಟೆಯವರ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. 2007ರವರೆಗೆ ಕೋಲಾರಕ್ಕೇ ಸೇರಿದ್ದ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆತಾಗ ಎರಡು ಜಿಲ್ಲೆಗಳೂ ಹಿಗ್ಗಿದುವು. ಪ್ರಶಸ್ತಿ ಬಂದ ದಿನ ಹಿಗ್ಗಿ, ಮೆರವಣಿಗೆಯ ದಿನ ಡಿಜೆ ಪೆಟ್ಟಿಗೆಗಳನ್ನು ಗಾಡಿಯ ಮೇಲೆ ಹೇರುವವರ ಹಿಗ್ಗಿಗೆ ಏನು ಬೆಲೆ?

ದೇವಾಲಯದ ಧರ್ಮದರ್ಶಿಗಳು ಹೇಳುವ ಸಮಾಧಾನವೊಂದುಂಟು: ಓಲಗದವರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಕೊಡಲು ಹಣವೂ ಇಲ್ಲ. ಹೊತ್ತಿಗೆ ಬಾರದಿರುವುದು ದೋಷವೇ. ಆದರೆ ಹೊತ್ತಿಗೆ ಬಂದವನಿಗೆ ಹೊತ್ತಿಗೆ ಸಂಬಳವು ಬಂದಿತೇ ಎಂಬುದನ್ನೂ ವಿಚಾರಿಸಬೇಕು. ಹಣದ ಮಾತಿಗೆ ಬಂದರೆ, ಕಮಾನಿಗೂ ನುಣುಪುಗಲ್ಲಿಗೂ ದೀಪಾಲಂಕಾರಕ್ಕೂ ಒದಗುವ ಹಣವು ಓಲಗಕ್ಕೆ ಮಾತ್ರ ಒದಗದೆಂಬುದನ್ನು ನಂಬುವುದು ಕಷ್ಟ. ನಿತ್ಯವೂ ಆಗದಿದ್ದರೆ ಶುಕ್ರವಾರ ಶನಿವಾರಗಳಲ್ಲಿ ಆಗಲಿ. ಉತ್ಸವದ ದಿನಗಳಲ್ಲಾದರೂ ಆಗಲಿ. ಉಳಿದ ದಿನಗಳಲ್ಲಿ ಊರ ಹುಡುಗರು ಸರದಿಯಂತೆ ಬಂದು ಜಾಗಟೆಯನ್ನು ಹಿಡಿಯಲಿ. ತಾಳ ತಪ್ಪಿದರೂ ಚಿಂತೆಯಿಲ್ಲ. ತಪ್ಪುವ ಕೈ ನಾಳೆ ಕಲಿತೀತು. ತಪ್ಪದ ಯಂತ್ರವು ಎಂದಿಗೂ ಕಲಿಯದು.

ಸಂಗೀತದ ಗುರುಗಳು ವಿದ್ಯುತ್ತಂಬೂರಿಯನ್ನು ಹೊರಗೆ ಹಾಕಬೇಕಾಗಿಲ್ಲ; ವಾರಕ್ಕೊಮ್ಮೆ ಅದನ್ನು ನಿಲ್ಲಿಸಿ ಶಿಷ್ಯನ ಕೈಗೆ ತಂತಿಯ ತಂಬೂರಿಯನ್ನು ಕೊಟ್ಟು ಕೂಡಿಸೆನ್ನಲಿ. ಶಾಲೆಗಳ ಗಾಯನಸ್ಪರ್ಧೆಗಳಲ್ಲಿ ಟ್ರ್ಯಾಕ್‌ನ ಹಂಗಿಲ್ಲದೆ ಹಾಡಿದ ಮಗುವಿಗೆ ಮೊದಲ ಬಹುಮಾನವು ಸಲ್ಲಲಿ. ಗುಡಿಗಳ ವಿದ್ಯುನ್ನಗಾರಿಯ ಗುಂಡಿಯನ್ನು ಧರ್ಮದರ್ಶಿಗಳು ತಮ್ಮ ಕೈಯಿಂದಲೇ ಆರಿಸಲಿ. 1902ರಲ್ಲಿ ವಿದ್ಯುತ್ತನ್ನು ದುಡಿಸಿಕೊಳ್ಳಲು ಕಲಿತ ಸೀಮೆಯು ಈಗ ಅದಕ್ಕೆ ತನ್ನ ಕಿವಿಯನ್ನು ಒತ್ತೆಯಿಡುವುದು ಉಚಿತವಲ್ಲ.